ಗಾರ್ಮೆಂಟ್ಸ್ ಸೂಪರ್‌ವೈಸರ್ ತರಬೇತಿ ಸೇವೆ: ಕೊಟ್ಟ ದುಡ್ಡಿಗೆ ಏನು ಬಂತು, ಲೆಕ್ಕ ಸಮೇತ

ದೊಡ್ಡಬಳ್ಳಾಪುರದ ಕಡೆ ಒಂದು ಶರ್ಟ್ ಯೂನಿಟ್‌ನಲ್ಲಿ ಪ್ರೊಡಕ್ಷನ್ ನೋಡ್ಕೊಳ್ತೀನಿ. ನಾಲ್ಕು ಬ್ಯಾಚ್, ಒಂದೊಂದರಲ್ಲಿ ಐವತ್ತೈದು ಜನ. ಒಂದು ಶರ್ಟನ್ನ ಸೇರಿ ಹೊಲಿಯೋ ಮಿಷನ್ ಸಾಲನ್ನ ಹೊರಗಿನವರು ಲೈನ್ ಅಂತಾರೆ, ನಾವು ಗಾರ್ಮೆಂಟ್ಸ್‌ನವರು ಬ್ಯಾಚ್ ಅಂತೀವಿ. 2001ರಲ್ಲಿ ಮೈಸೂರು ರಸ್ತೆಯ ಒಂದು ಫ್ಯಾಕ್ಟರಿಗೆ ಹೆಲ್ಪರ್ ಆಗಿ ಸೇರಿದವಳು ನಾನು. ಎರಡು ವರ್ಷ ದಾರ ಕತ್ತರಿಸಿದೆ, ಆಮೇಲೆ ಮಿಷನ್ ಕಲಿತೆ, ಟೈಲರ್ ಆದೆ, ಸೂಪರ್‌ವೈಸರ್ ಆದೆ. ತರಬೇತಿ ಅಂದ ತಕ್ಷಣ ನೆನಪಾಗೋದು ಆಗಿನ ಟ್ರೈನಿಂಗ್ ರೂಮು: ಊಟ ಆದ ಮೇಲೆ ಕೂರಿಸ್ತಿದ್ರು, ಒಬ್ಬರು ಮಾತಾಡ್ತಿದ್ರು, ಸಹಿ ಮಾಡಿಸ್ಕೊಂಡು ಫೋಟೋ ತೆಗೀತಿದ್ರು, ನಾವು ವಾಪಸ್ ಬಂದು ಮೊದಲು ಹೊಲೀತಿದ್ದ ಹಾಗೇ ಹೊಲೀತಿದ್ವಿ. ಹಾಗಾಗಿ ಈ ಸಲ ನಮ್ಮ ಮಾಲೀಕರು ಹೊರಗಿನ ಕಂಪನಿಯಿಂದ ಸೂಪರ್‌ವೈಸರ್ ತರಬೇತಿ ಕೊಡಿಸೋಣ ಅಂದಾಗ ನಾನೇ ಕೇಳಿದೆ: ಇದರಿಂದ ಬ್ಯಾಚ್‌ನಲ್ಲಿ ಏನು ಬದಲಾಯ್ತು ಅಂತ ಅಳೆಯೋಕೆ ನನಗೆ ಬಿಡ್ತೀರಾ ಸಾರ್? "ಅಳೀರಿ ಮೇಡಂ, ನನಗೂ ಅದೇ ಬೇಕು" ಅಂದ್ರು.

ಆ ಸೇವೆ ತಗೊಂಡು ಒಂಬತ್ತು ತಿಂಗಳಾಯ್ತು. ನಮ್ಮಂಥ ಸಣ್ಣ ಯೂನಿಟ್‌ನವರು ಇಂಥ ಸೇವೆಗೆ ದುಡ್ಡು ಕೊಡೋ ಮುಂಚೆ ಏನು ಕೇಳಬೇಕು ಅಂತ ಗೊತ್ತಾಗಲಿ ಅಂತ ಬರೀತಿದ್ದೀನಿ. ಕಂಪನಿ ಹೆಸರು ಹಾಕಲ್ಲ. ದೂರುಗಳಿವೆ, ಅವರ ಜೊತೆ ಕೂತು ಮಾತಾಡಿದ್ದೀನಿ, ಕೆಲವನ್ನ ತಿದ್ದಿಕೊಳ್ತಿದ್ದಾರೆ.

ಅವರು ಕೊಟ್ಟಿದ್ದು ಇಷ್ಟು. ವಾರಕ್ಕೊಂದು ಕ್ಲಾಸು, ಎರಡು ಗಂಟೆಯದು, ಹನ್ನೆರಡು ವಾರ. ಎಂಟು ಜನಕ್ಕೆ ಜಾಗ: ಇಬ್ಬರು ಸೂಪರ್‌ವೈಸರ್‌ಗಳು, ಇಬ್ಬರು ಅಸಿಸ್ಟೆಂಟ್‌ಗಳು, ಹೊಲಿದ ಪೀಸು ಸರಿ ಇದೆಯಾ ಅಂತ ನೋಡೋ ಇಬ್ಬರು ಚೆಕ್ಕರ್‌ಗಳು, ಇಬ್ಬರು ಹಳೇ ಟೈಲರ್‌ಗಳು. ಜೊತೆಗೆ ಫೋನಿನ ಆ್ಯಪು. ಕೊನೆಗೆ 'ಇಂಪ್ಯಾಕ್ಟ್ ರಿಪೋರ್ಟ್' ಅಂತ ಒಂದು ವರದಿ. ಎಲ್ಲಾ ಸೇರಿ 84,000 ರೂಪಾಯಿ, ಜಿಎಸ್‌ಟಿ ಬೇರೆ.

ಮೊದಲು ಚೆನ್ನಾಗಿದ್ದದ್ದನ್ನ ಹೇಳ್ತೀನಿ, ಯಾಕಂದ್ರೆ ಅದು ನಿಜವಾಗಲೂ ಚೆನ್ನಾಗಿತ್ತು. ಕಲಿಸೋಕೆ ಬಂದ ಹೆಂಗಸು ಎರಡನೇ ವಾರಕ್ಕೇ ಟ್ರೈನಿಂಗ್ ರೂಮು ಬಿಟ್ಟು ಫ್ಲೋರಿಗೆ, ಅಂದ್ರೆ ಹೊಲಿಗೆ ನಡೆಯೋ ಜಾಗಕ್ಕೆ ಬಂದ್ರು. ಪಾಠ ಅರ್ಧ ಗಂಟೆ, ಉಳಿದ ಒಂದೂವರೆ ಗಂಟೆ ಬ್ಯಾಚ್‌ನಲ್ಲೇ. ಅವರು ಕಲಿಸಿದ್ದು ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಲ್ಲಿ ಹೊಸಬರನ್ನ ಬೇಗ ಕೆಲಸಕ್ಕೆ ಹಚ್ಚೋಕೆ ಅಂತ ಒಂದು ಸರ್ಕಾರಿ ಕಾರ್ಯಕ್ರಮ ನಡೀತು, ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅಂತ. ಕಲಿಸೋದನ್ನ ನಾಲ್ಕು ಹೆಜ್ಜೆಗೆ ಇಳಿಸಿದ್ರು: ಕಲಿಯೋರ ಭಯ ಕಳಿ, ಹೇಳ್ತಾ ಮಾಡಿ ತೋರಿಸು, ಅವರ ಕೈಲಿ ಮಾಡಿಸು, ಆಮೇಲೆ ಬಂದು ಬಂದು ನೋಡು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯ್ತು, ಟೊಯೋಟದವರೂ ತಗೊಂಡ್ರು. ಅದೇ ನಾಲ್ಕು ಹೆಜ್ಜೆ ನಮ್ಮ ಶರ್ಟ್ ಫ್ಯಾಕ್ಟರಿಗೆ ಬಂತು.

ಒಂದು ದಿನ ಕಣ್ಣಾರೆ ಕಂಡದ್ದು ಹೇಳ್ತೀನಿ. ಎರಡನೇ ಬ್ಯಾಚ್‌ನಲ್ಲಿ ಕಾಲರ್ ಕೂರಿಸೋ ಮಿಷನ್‌ಗೆ ಹೊಸ ಹುಡುಗಿ ಬಂದಿದ್ದಳು, ಹತ್ತೊಂಬತ್ತು ವರ್ಷ. ಶರ್ಟಿನಲ್ಲಿ ಕಷ್ಟದ ಕೆಲಸ ಅದು. ಕತ್ತಿನ ಸುತ್ತಳತೆಯೂ ಕಾಲರ್ ಪಟ್ಟಿಯೂ ಒಂದೇ ಸಮ ಓಡಬೇಕು, ಎರಡು ತುದಿ ಎದುರುಬದುರು ಕೂರಬೇಕು. ಇವಳ ಕೈಯಲ್ಲಿ ಬಲತುದಿ ಪ್ರತಿ ಸಲ ಎರಡು ನೂಲಷ್ಟು ಮೇಲೆ ನಿಲ್ತಿತ್ತು. ಅಲ್ಲಿನ ಸೂಪರ್‌ವೈಸರ್ ಹುಡುಗ ಒಳ್ಳೆಯವನೇ, ಆದರೆ ಮುಂಚೆ ಆಗಿದ್ರೆ ಬ್ಯಾಚ್ ತುದಿಯಿಂದಲೇ ಕೂಗ್ತಿದ್ದ, "ಏನಮ್ಮಾ ಅದು, ಮನೇಲಿ ಹೊಲಿಯೋ ಹಾಗೆ ಹೊಲೀತಿದ್ದೀಯಾ" ಅಂತ. ನನ್ನ ಮೇಲೂ ಹಾಗೇ ಕೂಗಿದ್ದಾರೆ, ನಾನೂ ಕೂಗಿದ್ದೀನಿ. ಅವತ್ತು ಅವನು ಸ್ಟೂಲ್ ಎಳ್ಕೊಂಡು ಅವಳ ಪಕ್ಕ ಕೂತ. ತಾನೇ ಒಂದು ಪೀಸ್ ನಿಧಾನಕ್ಕೆ ಹೊಲಿದ, ಎಲ್ಲಿ ಬಟ್ಟೆ ಎಳೀಬಾರದು, ಎಲ್ಲಿ ಎಡಗೈ ಬೆರಳು ಬಿಡಬೇಕು ಅಂತ ಬಾಯಲ್ಲಿ ಹೇಳ್ತಾ. ಎರಡನೇದನ್ನ ಅವಳ ಕೈಲಿ ಹೊಲಿಸ್ತಾ ಅವಳ ಬಾಯಲ್ಲೇ ಹೇಳಿಸಿದ. ತಪ್ಪು ಸಿಕ್ಕಿದ್ದು ಅಲ್ಲೇ: ಮುಕ್ಕಾಲು ಭಾಗ ಬಂದ ಮೇಲೆ ಅವಳು ಪಟ್ಟಿಯನ್ನ ಸ್ವಲ್ಪ ಎಳೀತಿದ್ದಳು, ತುದಿಗೆ ಸಾಲದೆ ಹೋದೀತು ಅನ್ನೋ ಹೆದರಿಕೆಗೆ. ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ನೋಡಿದ, ಮಧ್ಯಾಹ್ನ ಇನ್ನೊಂದು ಸಲ. ಆ ವಾರದ ಕೊನೆಗೆ ಅವಳ ಬಂಡಲ್‌ನಲ್ಲಿ ಕಾಲರ್ ಆಲ್ಟರೇಶನ್, ಅಂದ್ರೆ ತಪ್ಪಾದದ್ದನ್ನ ಬಿಚ್ಚಿ ಮತ್ತೆ ಹೊಲಿಯೋದು, ದಿನಕ್ಕೆ ಎರಡು ಮೂರಕ್ಕೆ ಇಳಿದಿತ್ತು.

ಕಲಿಸಿದ ರೀತಿಗೆ ಮಾತ್ರ ಅಂಕ ಕೊಡೋದಾದ್ರೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ.

ಆ್ಯಪಿಗೆ ಒಂದೇ ಒಂದು. ನಮ್ಮ ಫ್ಲೋರ್‌ನಲ್ಲಿ ಫೋನ್ ಬಿಡಲ್ಲ, ಲಾಕರ್‌ನಲ್ಲಿಟ್ಟು ಬರಬೇಕು. ಸಂಜೆ ಬಸ್ಸಲ್ಲಿ ನಿಂತ್ಕೊಂಡು, ಮನೇಗೆ ಹೋಗಿ ಅಡುಗೆ ಮಾಡೋ ಹೆಂಗಸು ವಿಡಿಯೋ ಯಾವಾಗ ನೋಡ್ತಾಳೆ? ಕನ್ನಡವಾದರೂ ನಾವಾಡೋ ಕನ್ನಡ ಅಲ್ಲ. "ತಂಡದ ಸದಸ್ಯರಿಗೆ ಸಕಾರಾತ್ಮಕ ಪ್ರತಿಕ್ರಿಯೆಯನ್ನು ಒದಗಿಸಿರಿ" ಅನ್ನೋದನ್ನ ಕೇಳಿ ನಮ್ಮ ಚೆಕ್ಕರ್ ಅಕ್ಕ "ಇದು ಪರೀಕ್ಷೆಗೆ ಬರೋದಾ ಮೇಡಂ?" ಅಂತ ಕೇಳಿದ್ಳು. ಒಡಿಶಾದಿಂದ ಬಂದ ಹುಡುಗಿಯರು ನಮ್ಮಲ್ಲಿ ಹದಿನಾರು ಜನ ಇದ್ದಾರೆ. ಅವರಲ್ಲೊಬ್ಬಳು ಅಸಿಸ್ಟೆಂಟ್, ಅವಳಿಗೆ ಒಡಿಯಾದಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನು ವರದಿ. ಇದರ ಬಗ್ಗೆ ಜಾಸ್ತಿ ಬರೀಬೇಕು, ಯಾಕಂದ್ರೆ ಮಾಲೀಕರು ದುಡ್ಡು ಕೊಡೋದು ಇದನ್ನ ನೋಡಿ.

ತರಬೇತಿಯನ್ನ ಅಳೆಯೋರಿಗೆಲ್ಲ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಹೆಸರು ಗೊತ್ತಿರುತ್ತೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯ ಫಲವನ್ನ ನಾಲ್ಕು ಮಟ್ಟದಲ್ಲಿ ನೋಡಬೇಕು ಅಂದ್ರು. ಕಲಿತವರಿಗೆ ಹೇಗನ್ನಿಸ್ತು, ಏನು ಕಲಿತ್ರು, ಕೆಲಸದಲ್ಲಿ ನಡವಳಿಕೆ ಏನು ಬದಲಾಯ್ತು, ಅದರಿಂದ ಸಂಸ್ಥೆಗೆ ಏನು ಸಿಕ್ತು. ಜ್ಯಾಕ್ ಫಿಲಿಪ್ಸ್ ಅನ್ನೋರು ಆಮೇಲೆ ಐದನೇದನ್ನ ಸೇರಿಸಿದ್ರು: ಹಾಕಿದ ದುಡ್ಡಿಗೆ ಎಷ್ಟು ದುಡ್ಡು ಬಂತು. ನಮಗೆ ಬಂದ ವರದಿಯಲ್ಲಿ ಐದೂ ಇದ್ದವು, ಬಣ್ಣದ ಪುಟಗಳಲ್ಲಿ.

ಮೊದಲನೇದು: ತೃಪ್ತಿ 5ಕ್ಕೆ 4.8. ಇದು ಹೇಗೆ ಬಂತು ಅಂತ ನೋಡಿದವಳು ನಾನು. ಕೊನೇ ಕ್ಲಾಸಿನ ದಿನ ಟೀ, ಬೋಂಡ ಕೊಟ್ಟು ಒಂದು ಹಾಳೆ ಹಂಚಿದ್ರು. ಐದು ಮುಖದ ಚಿತ್ರ, ಅಳೋ ಮುಖದಿಂದ ನಗೋ ಮುಖದವರೆಗೆ. ಕಲಿಸಿದ ಮೇಡಂ ಎದುರಿಗೇ ನಿಂತಿದ್ದಾರೆ, ಹಾಳೆ ಮೇಲೆ ಹೆಸರು ಬರೀಬೇಕು. ಅಳೋ ಮುಖಕ್ಕೆ ಯಾರು ಟಿಕ್ ಹಾಕ್ತಾರೆ? ಎರಡನೇದು: ಪರೀಕ್ಷೆಯ ಅಂಕ 62ರಿಂದ 91ಕ್ಕೆ. ಪ್ರಶ್ನೆಗಳು ಮೊದಲ ದಿನ ಕೊಟ್ಟವೇ, ಉತ್ತರ ಬರೆಸಿದ್ದು ಪಾಠ ಮುಗಿದ ಅದೇ ಮಧ್ಯಾಹ್ನ. ಕಲಿತದ್ದು ಉಳೀತಾ ಅಂತ ತಿಳ್ಕೊಳ್ಳೋಕೆ ಒಂದೆರಡು ತಿಂಗಳಾದ ಮೇಲೆ ಕೇಳಬೇಕು.

ಆಮೇಲೆ 'ಒಟ್ಟು 192 ತರಬೇತಿ ಗಂಟೆಗಳು' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ರು. ಬೈಯರ್, ಅಂದ್ರೆ ನಮ್ಮ ಶರ್ಟ್ ಕೊಳ್ಳೋ ಕಂಪನಿ ಕಡೆಯ ಆಡಿಟ್‌ನವರಿಗೂ ಇದೇ ಬೇಕು: ರಿಜಿಸ್ಟರ್, ಸಹಿ, ಫೋಟೋ, ಗಂಟೆ. ಆದರೆ ಆ 192 ಗಂಟೆ ನಾವು ಹಾಕಿದ ಬಂಡವಾಳ. ಎಂಟು ಜನ ಮಿಷನ್ ಬಿಟ್ಟು, ಟೇಬಲ್ ಬಿಟ್ಟು ಕೂತ ಹೊತ್ತು ಅದು. ಖರ್ಚಿನ ಕಡೆ ಬರೀಬೇಕಾದ್ದನ್ನ ಲಾಭದ ಕಡೆ ಬರೆದಿದ್ರು.

ಕೊನೇ ಪುಟದಲ್ಲಿ: ಹಾಕಿದ ದುಡ್ಡಿನ ಮೇಲೆ ಶೇ 234 ಲಾಭ, ಅದೂ ಒಂದೇ ತಿಂಗಳಲ್ಲಿ.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತರಬೇತಿ ಒಳ್ಳೇದಾಗಿತ್ತು ಅಂತ ನನಗೆ ಗೊತ್ತು, ಆ ಕಾಲರ್ ಹುಡುಗಿಯನ್ನ ನೋಡಿದ್ದೀನಿ. ಆದರೆ ಈ ಸಂಖ್ಯೆ ನಂಬಿ ಮಾಲೀಕರು ಮುಂದಿನ ವರ್ಷದ ಲೆಕ್ಕ ಹಾಕಿದ್ರೆ, ಅಷ್ಟು ಬರದೇ ಹೋದಾಗ ತರಬೇತಿಯನ್ನೇ ನಿಲ್ಲಿಸಿಬಿಡ್ತಾರೆ. ಒಳ್ಳೇ ಕೆಲಸವೊಂದು ಸುಳ್ಳು ಲೆಕ್ಕದಿಂದ ಸಾಯೋದು ನನಗೆ ಬೇಕಿರಲಿಲ್ಲ.

ಅವರ ಲೆಕ್ಕ ಹೀಗಿತ್ತು. ತರಬೇತಿ ಆದ ಎರಡು ಬ್ಯಾಚ್‌ನಲ್ಲಿ ದಿನದ ಪೀಸು 560ರಿಂದ 620ಕ್ಕೆ ಏರಿತು. ಎರಡೂ ಸೇರಿ ದಿನಕ್ಕೆ 120 ಹೆಚ್ಚು. ಒಂದು ಶರ್ಟಿಗೆ ನಮಗೆ ಬರೋ ಹೊಲಿಗೆ ದರ 90 ರೂಪಾಯಿ, 26 ದಿನಕ್ಕೆ 2,80,800. ಅದರಲ್ಲಿ ಅವರ ಫೀಸು 84,000 ಕಳೆದು, ಉಳಿದದ್ದನ್ನ ಮತ್ತೆ 84,000ದಿಂದ ಭಾಗಿಸಿದ್ರೆ 234 ಬರುತ್ತೆ. ಗುಣಾಕಾರ, ಭಾಗಾಕಾರ ಎಲ್ಲಾ ಸರಿ. ಆದರೆ ಅವರು ಕೇಳದೇ ಇದ್ದ ವಿಷಯ ಒಂದಿತ್ತು. ಜನವರಿವರೆಗೂ ನಮ್ಮಲ್ಲಿ ಓಡ್ತಿದ್ದದ್ದು ಚೆಕ್ಸ್ ಶರ್ಟು. ಚೌಕಳಿ ಬಟ್ಟೆ ಅಂದ್ರೆ ಜೇಬು, ಪ್ಲ್ಯಾಕೆಟ್ (ಗುಂಡಿ ಪಟ್ಟಿ), ತೋಳು ಎಲ್ಲಾ ಕಡೆ ಗೆರೆಗೆ ಗೆರೆ ಕೂಡಬೇಕು, ನಿಧಾನ ಆಗುತ್ತೆ, ಆಲ್ಟರೇಶನ್ ಜಾಸ್ತಿ. ಏಪ್ರಿಲ್‌ನಲ್ಲಿ ಬಂದದ್ದು ಪ್ಲೇನ್ ಬಟ್ಟೆ. ತರಬೇತಿಯ ನೆರಳೂ ಬೀಳದ ಮೂರನೇ, ನಾಲ್ಕನೇ ಬ್ಯಾಚ್‌ನಲ್ಲೂ ಪೀಸು 550ರಿಂದ 600ಕ್ಕೆ ಏರಿತ್ತು. ಅಂದ್ರೆ ಅವರು ತಮ್ಮದು ಅಂದುಕೊಂಡ 60ರಲ್ಲಿ 50 ಬಟ್ಟೆಯದು. ಅದೂ ಅಲ್ದೆ, ಹೊಲಿಗೆ ದರದ 90 ರೂಪಾಯಿ ಪೂರ್ತಿ ಲಾಭ ಅಲ್ಲವಲ್ಲ. ದಾರ, ಕರೆಂಟು, ಬಾಡಿಗೆ, ಪ್ಯಾಕಿಂಗ್ ಎಲ್ಲಾ ಅದರೊಳಗೇ ಇದೆ.

ನನ್ನ ಹತ್ತಿರ ಹೋಲಿಸೋಕೆ ಮೂರನೇ, ನಾಲ್ಕನೇ ಬ್ಯಾಚ್ ಇತ್ತಲ್ಲ, ಅದು ಆಕಸ್ಮಿಕ ಅಲ್ಲ. ತರಬೇತಿ ಶುರುವಾಗೋ ಮುಂಚೆ ಕಂಪನಿಯವರು "ನಿಮ್ಮ ಚೆನ್ನಾಗಿರೋ ಎರಡು ಬ್ಯಾಚ್ ಕೊಡಿ ಮೇಡಂ" ಅಂದಿದ್ರು. ನಾನು ಒಪ್ಪಲಿಲ್ಲ. ನಾಲ್ಕು ಚೀಟಿ ಬರೆದು ಕ್ಯಾಂಟೀನಿನಲ್ಲಿ ಎಲ್ಲರ ಎದುರು ಅಡುಗೆ ಅಜ್ಜಿ ಕೈಲಿ ಎರಡು ಎತ್ತಿಸಿದೆ. ಒಂದು, ಎರಡು ಬಂತು.

ಈ ಚೀಟಿ ಎತ್ತೋ ಬುದ್ಧಿ ನನಗೆ ಬಂದದ್ದು ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನದಿಂದ. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್‌ನವರು 2007ರಲ್ಲಿ ಗಾರ್ಮೆಂಟ್ಸ್ ಹೆಂಗಸರಿಗೆ ಅಂತ ಪೇಸ್ ಅನ್ನೋ ತರಬೇತಿ ಶುರು ಮಾಡಿದ್ರು. ಹೊಲಿಗೆ ಅಲ್ಲ, ಮಾತಾಡೋದು, ಸಮಯ ಹೊಂದಿಸಿಕೊಳ್ಳೋದು, ದುಡ್ಡಿನ ಲೆಕ್ಕ, ಕಷ್ಟ ಬಂದಾಗ ದಾರಿ ಹುಡುಕೋದು, ಇಂಥವು. ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಮ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಪರೀಕ್ಷೆಗೆ ಹಚ್ಚಿದ್ರು. ಸೇರಬೇಕು ಅಂದ ಹೆಂಗಸರಲ್ಲಿ ಲಾಟರಿ ಎತ್ತಿ, ಕೆಲವರಿಗೆ ಸುಮಾರು 80 ಗಂಟೆ ತರಬೇತಿ ಕೊಟ್ಟು, ಉಳಿದವರ ಜೊತೆ ಹೋಲಿಸಿದ್ರು. ತರಬೇತಿ ಪಡೆದವರ ಕೆಲಸ ಎದ್ದು ಕಾಣೋ ಹಾಗೆ ಹೆಚ್ಚಿತು. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಹಾಕಿದ ದುಡ್ಡಿನ ಮೇಲೆ ಬಂದ ಲಾಭ ಶೇ 250ಕ್ಕೂ ಹೆಚ್ಚು ಅಂತ 2018ರ ಅವರ ಪ್ರಬಂಧದಲ್ಲಿದೆ.

ಹಾಗಾದ್ರೆ ನಮ್ಮ 234 ಯಾಕೆ ನಿಜ ಇರಬಾರದು ಅಂತ ಮಾಲೀಕರು ಕೇಳಿದ್ರು. ಇರಬಹುದಿತ್ತು ಸಾರ್, ಆದರೆ ಅವರು ಲಾಟರಿ ಎತ್ತಿ, ತಿಂಗಳುಗಟ್ಟಲೆ ದಿನದಿನದ ಪೀಸು ಬರೆದು, ತರಬೇತಿ ಇಲ್ಲದವರನ್ನ ಪಕ್ಕದಲ್ಲಿಟ್ಟು ಹೇಳಿದ್ದು. ಇವರು ಬಟ್ಟೆ ಬದಲಾದ ತಿಂಗಳನ್ನ ಹಿಡಿದು ಹೇಳಿದ್ದು.

ಆ ಅಧ್ಯಯನದಲ್ಲಿ ನನ್ನ ಮನಸ್ಸಿಗೆ ನಾಟಿದ ಇನ್ನೊಂದು ಸಂಖ್ಯೆ ಇದೆ. ಆ ಹೆಂಗಸರ ಸಂಬಳ ಏರಿದ್ದು ಶೇ 0.5ರಷ್ಟು. ಕೆಲಸ ಹೆಚ್ಚಿತು, ಕಂಪನಿಗೆ ಲಾಭ ಬಂತು, ಕೈಗೆ ಬಂದದ್ದು ನೂರಕ್ಕೆ ಐವತ್ತು ಪೈಸೆ. ತರಬೇತಿಯ ಫಲ ಅಂತ ನಾವು ಅಳೆಯೋದು ಯಾರ ಫಲವನ್ನ ಅಂತ ಅವತ್ತಿಂದ ನಾನು ಯೋಚಿಸ್ತಾ ಇದ್ದೀನಿ.

ನನ್ನ ಲೆಕ್ಕ ಹೇಳ್ತೀನಿ. ತರಬೇತಿಗೆ ಮುಂಚಿನ ಎಂಟು ವಾರ ನಾಲ್ಕೂ ಬ್ಯಾಚ್‌ನ ಚೆಕ್ಕಿಂಗ್ ಪುಸ್ತಕ ಎತ್ತಿಟ್ಟಿದ್ದೆ. ಒಂದು, ಎರಡರಲ್ಲಿ ನೂರು ಪೀಸಿಗೆ 11 ಆಲ್ಟರೇಶನ್. ಮೂರು, ನಾಲ್ಕರಲ್ಲಿ 10. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸರಾಸರಿ: ತರಬೇತಿ ಆದವರಲ್ಲಿ 6, ಆಗದವರಲ್ಲಿ 8. ಐದು ಇಳೀತು, ಅದರಲ್ಲಿ ಎರಡು ಪ್ಲೇನ್ ಬಟ್ಟೆಯದು. ತರಬೇತಿಯದು ಮೂರು.

ಈ ಮೂರನ್ನೂ ನಾನು ಸುಲಭಕ್ಕೆ ನಂಬಲಿಲ್ಲ, ಅದಕ್ಕೊಂದು ಕಾರಣ ಇದೆ. ಏಪ್ರಿಲ್‌ನ ಮೊದಲ ಎರಡು ವಾರ ಆಲ್ಟರೇಶನ್ ನೂರಕ್ಕೆ 4 ಅಂತ ಪುಸ್ತಕದಲ್ಲಿತ್ತು. ಖುಷಿಯಾಯ್ತು. ಆದರೆ ಅದೇ ವಾರ ಹೊಲಿದ ಶರ್ಟಿಗೆ ಇಸ್ತ್ರಿ ಹಾಕೋ ಫಿನಿಶಿಂಗ್‌ನಿಂದ ದೂರು ಬಂತು, ಇಸ್ತ್ರಿ ಟೇಬಲ್ ಮೇಲೆ ಕಾಲರ್ ತುದಿ ಏರುಪೇರು ಸಿಗ್ತಿದೆ, ಕಫ್ ಒಳಗೆ ಬಿಟ್ಟ ಹೊಲಿಗೆ ಸಿಗ್ತಿದೆ ಅಂತ. ಹೋಗಿ ಒಂದು ಬಂಡಲ್ ಬಿಚ್ಚಿದೆ. ಚೆಕ್ಕಿಂಗ್ ಟೇಬಲ್‌ನಲ್ಲಿ ಸರಿ ಅಂತ ಬಂದ ಇಪ್ಪತ್ತರಲ್ಲಿ ಎರಡು ವಾಪಸ್ ಹೋಗಬೇಕಾದವು. ಚೆಕ್ಕರ್ ಅಕ್ಕನನ್ನ ಪಕ್ಕಕ್ಕೆ ಕರೆದು ಕೇಳಿದೆ. ಮೊದಲು ಸುಮ್ಮನಿದ್ದಳು. ಆಮೇಲೆ ಹೇಳಿದ್ಳು: "ಆ ಹುಡುಗ ಎಷ್ಟು ಕಷ್ಟಪಟ್ಟು ಕಲ್ತವ್ನೆ ಮೇಡಂ. ನಾನು ಬರ್ದ್ರೆ ಅವನ ಟ್ರೈನಿಂಗ್ ಕೆಡ್ತು ಅಂತಾರೇನೋ ಅಂತ ಸಣ್ಣಪುಟ್ಟವು ಬಿಟ್ಟೆ." ಅವಳೂ ಆ ಎಂಟು ಜನರಲ್ಲಿ ಒಬ್ಬಳು. ಅಳೆಯೋಳೂ ಅವಳೇ, ಅಳೆಸಿಕೊಳ್ಳೋಳೂ ಅವಳೇ ಆದ್ರೆ ಇನ್ನೇನಾಗುತ್ತೆ? ತಪ್ಪು ಅವಳದಲ್ಲ, ಹಾಗೆ ಜೋಡಿಸಿದ ನನ್ನದು. ಯಾರ ಹೆಸರೂ ಬರೆಯಲ್ಲ, ಯಾರನ್ನೂ ಬೈಯಲ್ಲ ಅಂತ ಮಾತು ಕೊಟ್ಟೆ. ಆ ಎರಡು ವಾರವನ್ನ ಲೆಕ್ಕದಿಂದ ತೆಗೆದೆ. ಅಲ್ಲಿಂದ ಮುಂದಕ್ಕೆ ಫಿನಿಶಿಂಗ್‌ನವರು ಯಾವ ಬ್ಯಾಚಿನದು ಅಂತ ಗೊತ್ತಿಲ್ಲದೆ ದಿನಕ್ಕೆ ನಲವತ್ತು ಪೀಸು ಎತ್ತಿ ನೋಡೋ ಹಾಗೆ ಮಾಡಿದೆ. ಎರಡು ಕಡೆಯ ಲೆಕ್ಕ ಕೂಡಿದ ಮೇಲೆಯೇ 6 ಅನ್ನೋ ಸಂಖ್ಯೆ ಬರೆದದ್ದು.

ದುಡ್ಡಿಗೆ ಇಳಿಸಿದ್ರೆ: ಎರಡು ಬ್ಯಾಚ್ ಸೇರಿ ದಿನಕ್ಕೆ 1,200 ಪೀಸು ಅಂತ ಹಿಡಿದೆ. ನೂರಕ್ಕೆ ಮೂರು ಅಂದ್ರೆ 36 ಪೀಸು ಬಿಚ್ಚಿ ಹೊಲಿಯೋದು ತಪ್ಪಿತು. ಒಂದಕ್ಕೆ ಆರು ನಿಮಿಷ. ತಿಂಗಳಿಗೆ 93 ಗಂಟೆ ಚಿಲ್ಲರೆ. ಪಿಎಫ್, ಇಎಸ್‌ಐ ಎಲ್ಲಾ ಸೇರಿ ಟೈಲರ್ ಒಬ್ಬರ ಒಂದು ಗಂಟೆ ನಮಗೆ ಸುಮಾರು 80 ರೂಪಾಯಿ. ತಿಂಗಳಿಗೆ 7,500, ಆರು ತಿಂಗಳಿಗೆ 45,000. ಹೀಗೆ ಉಳಿತಾಯವಾದ ಹೊತ್ತು ಮಾತಾಡ್ತಾ ಕಳೆದುಹೋದ್ರೆ ಅದು ದುಡ್ಡಲ್ಲ, ಅದಕ್ಕೆ ಓವರ್‌ಟೈಮ್ ರಿಜಿಸ್ಟರ್ ನೋಡಿದೆ. ಕಾನೂನಿನ ಪ್ರಕಾರ ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ. ಆ ಎರಡು ಬ್ಯಾಚ್‌ನಲ್ಲಿ ಓವರ್‌ಟೈಮ್ ಇಳಿದಿತ್ತು, ಹಾಗಾಗಿ ಈ ಸಂಖ್ಯೆ ಇಟ್ಟುಕೊಂಡೆ. ಪೀಸು ಹತ್ತು ಹೆಚ್ಚಾದದ್ದನ್ನ ಇದರ ಮೇಲೆ ಮತ್ತೆ ಸೇರಿಸಲಿಲ್ಲ. ಆಲ್ಟರೇಶನ್ ಕಮ್ಮಿಯಾದದ್ದರಿಂದಲೇ ಪೀಸು ಹೆಚ್ಚಾದದ್ದು, ಎರಡೂ ಹಿಡಿದರೆ ಒಂದೇ ದುಡ್ಡನ್ನ ಎರಡು ಸಲ ಎಣಿಸಿದ ಹಾಗೆ.

ದೊಡ್ಡ ಫಲ ನಾನು ನಿರೀಕ್ಷೆ ಮಾಡದ ಕಡೆ ಸಿಕ್ತು. ತರಬೇತಿಗೆ ಮುಂಚಿನ ಆರು ತಿಂಗಳಲ್ಲಿ ಒಂದು, ಎರಡನೇ ಬ್ಯಾಚ್‌ನಿಂದ 13 ಜನ ಕೆಲಸ ಬಿಟ್ಟಿದ್ರು, ಮೂರು, ನಾಲ್ಕರಿಂದ 14. ತರಬೇತಿ ಆದ ಮೇಲಿನ ಆರು ತಿಂಗಳಲ್ಲಿ ಇಲ್ಲಿ 7, ಅಲ್ಲಿ 15. ಊರ ಜಾತ್ರೆ, ಮದುವೆ ಕಾಲ, ಹಬ್ಬಕ್ಕೆ ಹೋದವರು ಬಾರದೇ ಇರೋದು, ಇವೆಲ್ಲ ನಾಲ್ಕೂ ಬ್ಯಾಚಿಗೆ ಒಂದೇ. ಲೆಕ್ಕ ಹಾಕಿದ್ರೆ ಏಳು ಜನ ಉಳಿದ್ರು. ಹೊಸ ಟೈಲರ್ ಬಂದ್ರೆ ಮೊದಲ ತಿಂಗಳು ಟಾರ್ಗೆಟ್‌ನ ಶೇ 60, ಎರಡನೇ ತಿಂಗಳು ಶೇ 80. ಸಂಬಳ ಪೂರ್ತಿ ಕೊಡ್ತೀವಿ. ಟೈಲರ್ ಒಬ್ಬರ ಖರ್ಚು ತಿಂಗಳಿಗೆ 16,640, ಎರಡು ತಿಂಗಳ ಕೊರತೆ ಸೇರಿ ಹತ್ತು ಸಾವಿರದ ಹತ್ತಿರ ಅಲ್ಲೇ ಹೋಗುತ್ತೆ, ಕರ್ಕೊಂಡು ಬಂದವರಿಗೆ ಸಾವಿರ. ಒಬ್ಬರಿಗೆ 11,000 ಅಂತ ಇಟ್ಟರೆ ಏಳು ಜನಕ್ಕೆ 77,000.

ಯಾಕೆ ಉಳಿದ್ರು ಅಂತ ನಾನು ಹತ್ತು ಹನ್ನೆರಡು ಜನರನ್ನ ಊಟದ ಹೊತ್ತಲ್ಲಿ ಕೇಳಿದೆ. ತರಬೇತಿಯ ಹೆಸರು ಯಾರೂ ಎತ್ತಲಿಲ್ಲ. "ಈಗ ಕೂಗಲ್ಲ ಅಕ್ಕ" ಅಂದ್ರು. ಒಬ್ಬಳು "ಮಗೀಗೆ ಜ್ವರ ಅಂದ್ರೆ ಕೇಳ್ತಾರೆ, ಗೇಟ್ ಪಾಸ್ ಬರ್ಕೊಡ್ತಾರೆ" ಅಂದ್ಳು.

ಒಟ್ಟು ಬಂದದ್ದು 1,22,000. ಹೋದದ್ದು: ಫೀಸು 84,000, ಕ್ಲಾಸಿನಲ್ಲಿ ಕೂತ 192 ಗಂಟೆಗೆ ಗಂಟೆಗೆ ನೂರರಂತೆ 19,200, ಟೀ ತಿಂಡಿ 1,920. ಒಟ್ಟು 1,05,120. ಆರು ತಿಂಗಳಿಗೆ ಉಳಿದದ್ದು ಹದಿನೇಳು ಸಾವಿರದ ಆಸುಪಾಸು. ಶೇಕಡಾ 16.

234 ಎಲ್ಲಿ, 16 ಎಲ್ಲಿ. ಆದರೆ ಈ 16ನ್ನ ನಾನು ಯಾರ ಮುಂದೆ ಬೇಕಾದ್ರೂ ಪುಸ್ತಕ ತೆಗೆದು ತೋರಿಸಬಲ್ಲೆ. ಇದರಲ್ಲೂ ಅದೃಷ್ಟದ ಪಾಲು ಇರಬಹುದು: ಬರೀ ನಾಲ್ಕು ಬ್ಯಾಚ್, ಏಳೇ ಏಳು ಜನರ ಲೆಕ್ಕ. ಮೂರನೇ ಬ್ಯಾಚ್‌ನಿಂದ ಒಂದೇ ಊರಿನ ನಾಲ್ಕು ಜನ ಒಟ್ಟಿಗೆ ಬಿಟ್ಟುಹೋದ್ರು, ಅವರ ಕಡೆಯ ಬಸ್ಸು ನಿಂತಿತು ಅಂತ. ಅಂಥದ್ದೊಂದು ಎರಡನೇ ಬ್ಯಾಚ್‌ನಲ್ಲಿ ಆಗಿದ್ರೆ ಲೆಕ್ಕ ನಷ್ಟಕ್ಕೆ ತಿರುಗ್ತಿತ್ತು. ಮಾಲೀಕರಿಗೆ ಇದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ ಸಲ ತರಬೇತಿ ಲೆಕ್ಕ ನನಗೆ ಅರ್ಥ ಆಯ್ತು" ಅಂದ್ರು, ಉಳಿದ ಎರಡು ಬ್ಯಾಚಿಗೂ ಮಾಡಿಸೋಣ ಅಂದ್ರು.

ಕೆಲಸ ಮಾಡೋರಿಗೆ ಏನು ಸಿಕ್ತು ಅನ್ನೋದು ಕಂಪನಿಯ ಬಣ್ಣದ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಇದು ನನ್ನ ದೊಡ್ಡ ದೂರು. ನಾನೇ ಒಂದು ಕಾಲಂ ಹಾಕಿ ಬರೆದೆ. ಆರು ತಿಂಗಳಲ್ಲಿ ಹೆಲ್ಪರ್‌ನಿಂದ ಮಿಷನ್ ಕಲಿತು ಟೈಲರ್ ಗ್ರೇಡಿಗೆ ಏರಿದವರು ಒಂದು, ಎರಡನೇ ಬ್ಯಾಚ್‌ನಲ್ಲಿ ಆರು ಜನ, ಮೂರು, ನಾಲ್ಕರಲ್ಲಿ ಇಬ್ಬರು. ಗ್ರೇಡ್ ಏರಿದ್ರೆ ಸಂಬಳ ಏರುತ್ತೆ, ಅದು ಯಾರ ದಯೆಯೂ ಅಲ್ಲ. ಹೆಲ್ಪರ್ ಆಗಿ ನಾನು ಎರಡು ವರ್ಷ ಕಾದದ್ದು ಕಲಿಯೋಕೆ ಆಗದೇ ಅಲ್ಲ, ಕಲಿಸೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಆ ಆರು ಹೆಸರನ್ನ ಬರೆಯೋವಾಗ ನನಗೆ ಕಣ್ಣು ತುಂಬಿತು.

ಈ ಸೇವೆ ತಗೊಳ್ಳಬಹುದಾ? ಕಲಿಸೋರು ಫ್ಲೋರಿಗೆ ಬಂದು ನಿಲ್ಲೋರಾದ್ರೆ ತಗೊಳ್ಳಿ. ಆ್ಯಪಿನ ದುಡ್ಡು ಕಳೆಯಿರಿ ಅಂತ ಕೇಳಿ, ಕಳೀತಾರೆ. ಎರಡನೇ ತಂಡಕ್ಕೆ ನಮಗೆ 70,000ಕ್ಕೆ ಒಪ್ಪಿದ್ದಾರೆ. ವರದಿಯನ್ನ ಅವರಿಗೆ ಬಿಡಬೇಡಿ. ಪಾಠ ಶುರುವಾಗೋ ಎರಡು ತಿಂಗಳು ಮುಂಚೆಯೇ ನಿಮ್ಮ ಪುಸ್ತಕ ಎತ್ತಿಡಿ, ಆಮೇಲೆ ಹುಡುಕಿದ್ರೆ ಸಿಗಲ್ಲ. ಏನನ್ನ ಅಳೀಬೇಕು ಅಂತ ಮೊದಲೇ ಬರೆದು ಇಬ್ಬರೂ ಸಹಿ ಹಾಕಿ; ಮುಗಿದ ಮೇಲೆ ಆರಿಸಿಕೊಂಡ್ರೆ ಚೆನ್ನಾಗಿ ಕಾಣೋದನ್ನೇ ಆರಿಸ್ತಾರೆ. ನಾಲ್ಕು ಬ್ಯಾಚ್ ಇಲ್ಲದೆ ಎರಡೇ ಇದ್ರೂ ಒಂದಕ್ಕೆ ಈಗ, ಇನ್ನೊಂದಕ್ಕೆ ಆರು ತಿಂಗಳ ಮೇಲೆ ಕೊಡಿಸಿ. ಯಾರಿಗೂ ತಪ್ಪಿಸಿದ ಹಾಗೂ ಆಗಲ್ಲ, ಹೋಲಿಸೋಕೂ ಸಿಗುತ್ತೆ. ಕಲಿಸಿದ್ದಕ್ಕೆ ನಾಲ್ಕೂವರೆ, ಆ್ಯಪಿಗೆ ಒಂದು, ವರದಿಗೆ ಒಂದೂವರೆ. ಎಲ್ಲಾ ಸೇರಿಸಿ ಐದಕ್ಕೆ ಮೂರು ಕೊಡ್ತೀನಿ, ಯಾಕಂದ್ರೆ ಕಲಿಸೋದೇ ಮುಖ್ಯ.

ಮೂರನೇ, ನಾಲ್ಕನೇ ಬ್ಯಾಚಿನ ತಂಡ ಮುಂದಿನ ಶನಿವಾರ ಶುರು. ಎಂಟು ವಾರದ ಚೆಕ್ಕಿಂಗ್ ಪುಸ್ತಕ ಬೀರುವಿನಲ್ಲಿದೆ. ಈ ಸಲದ ಎಂಟು ಜನರಲ್ಲಿ ಚೆಕ್ಕರ್‌ಗಳನ್ನ ಸೇರಿಸಿಲ್ಲ, ಅವರಿಗೆ ಬೇರೆ ದಿನ ಇಟ್ಟಿದ್ದೀವಿ. ಒಡಿಯಾ ಬರೋ ಒಬ್ಬರನ್ನ ಜೊತೆಗೆ ಕಳಿಸ್ತೀವಿ ಅಂದಿದ್ದಾರೆ. ಆ ಕಾಲರ್ ಹುಡುಗಿ ಮೊದಲ ದಿನ ಬಂದು ಹೊಸಬರಿಗೆ ಎರಡು ಪೀಸು ಹೊಲಿದು ತೋರಿಸ್ತಾಳೆ.